ಜೆ.ಸಿ. ರಸ್ತೆಯಲ್ಲಿ ಸಿಕ್ಕ ಮಿದುಳು

ಮೂವತ್ತೇಳು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನು ನಾನು. ಲೆಕ್ಕ ತಾಳೆ ಹಾಕುವುದು ಗೊತ್ತು, ಗಾಡಿಯ ಬಾನೆಟ್ ಎತ್ತುವುದು ಗೊತ್ತಿಲ್ಲ. ಅಂಥ ನಾನು ಹೋದ ವರ್ಷ ದಸರಾ ರಜೆಯಲ್ಲಿ ಒಂದು ಪಿಕಪ್ ಗಾಡಿಯ ಕೆಟ್ಟುಹೋದ ಮಿದುಳನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಹಾಸನದಿಂದ ಬೆಂಗಳೂರಿಗೆ ಹೋಗಿಬಂದೆ. ಜೊತೆಗೆ ಹತ್ತು ವರ್ಷದ ಮೊಮ್ಮಗನೂ ಇದ್ದ.

ಪಿಕಪ್ ನನ್ನ ಸೋದರಳಿಯನದು, ಅಂದರೆ ತಂಗಿಯ ಮಗನದು. ಹಾಸನದಿಂದ ಮಂಗಳೂರಿಗೆ ತರಕಾರಿ ಸಾಗಿಸಿ ಜೀವನ ಮಾಡುತ್ತಾನೆ. ಗಾಡಿಯ ಸಾಲಕ್ಕೆ ಜಾಮೀನು ಹಾಕಿದವನು ನಾನೇ. ಸರ್ವೀಸಿನಲ್ಲಿದ್ದಾಗ ‘ಜಾಮೀನು ಹಾಕುವ ಮೊದಲು ನೂರು ಸಲ ಯೋಚಿಸಿ’ ಎಂದು ಎಷ್ಟೋ ಜನಕ್ಕೆ ಬುದ್ಧಿ ಹೇಳಿದ್ದೆ. ತಂಗಿಯ ಮುಖ ನೋಡಿ ಒಂದು ಸಲವೂ ಯೋಚಿಸದೆ ಸಹಿ ಮಾಡಿದ್ದೆ.

ಆ ದಿನ ಸುಬ್ರಹ್ಮಣ್ಯಕ್ಕೆ ಹೋಗುವ ಮನಸ್ಸಾಗಿ, ಗುಂಡ್ಯದಲ್ಲಿ ಇಳಿದುಕೊಳ್ಳೋಣ ಎಂದು ರಾತ್ರಿ ಎರಡು ಗಂಟೆಗೆ ಅವನ ಗಾಡಿ ಹತ್ತಿದೆ. ಹಿಂದೆ ಬೀನ್ಸ್, ಕೋಸು, ಟೊಮೆಟೊ. ಸಕಲೇಶಪುರ ದಾಟಿ ದೋಣಿಗಾಲ್ ಕಳೆಯುವಷ್ಟರಲ್ಲಿ ಸಣ್ಣ ಮಳೆ ಶುರುವಾಯಿತು. ಮಾರನಹಳ್ಳಿಯ ಹತ್ತಿರ ಇಳಿಜಾರಿನಲ್ಲಿ, ದೀಪ ಆರಿಸಿದ ಹಾಗೆ, ಎಂಜಿನ್ ತಟ್ಟನೆ ನಿಂತುಹೋಯಿತು. ಸ್ಟೇರಿಂಗ್ ಕಲ್ಲಿನಂತೆ ಬಿಗಿಯಾಯಿತು. ಎಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತಿದರೆ ಬ್ರೇಕೂ ಗಟ್ಟಿಯಾಗಿಬಿಡುತ್ತದಂತೆ. ಅಳಿಯ ಒಂದೇ ಸಲ ಬಲವಾಗಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಎಡಕ್ಕೆ ತಂದು ನಿಲ್ಲಿಸಿದ. ನಾನು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ. ಕೈ ನಡುಗುತ್ತಿತ್ತು. ಪಕ್ಕದಲ್ಲೇ ಕಣಿವೆ, ಕೆಳಗೆಲ್ಲೋ ನೀರಿನ ಸದ್ದು.

ಬೆಳಗಾದ ಮೇಲೆ ಇನ್ನೊಂದು ಗಾಡಿಗೆ ತರಕಾರಿ ಏರಿಸಿ ಕಳಿಸಿದೆವು. ಅದರ ಬಾಡಿಗೆಗೇ ಆ ದಿನದ ದುಡಿಮೆ ಹೋಯಿತು. ಪಿಕಪ್ಪನ್ನು ಹಗ್ಗ ಕಟ್ಟಿ ಸಕಲೇಶಪುರಕ್ಕೆ ಎಳೆಸಿದೆವು.

ಅಲ್ಲಿನ ಮೆಕ್ಯಾನಿಕ್ ಐ.ಟಿ.ಐ. ಓದಿದ ಹುಡುಗ. ಅವಸರವಿಲ್ಲದವನು. ಕೀಲಿ ತಿರುಗಿಸಿ ಮೀಟರಿನ ಮೇಲೆ ಬೆರಳಿಟ್ಟು ಕೇಳಿದ: “ನೋಡಿ ಸಾರ್, ಇಲ್ಲೇನು ಕಾಣ್ತಿಲ್ಲ?”

ನನಗೆ ತಿಳಿಯಲಿಲ್ಲ. “ಎಂಜಿನ್ ಚಿತ್ರದ ದೀಪ. ಕೀಲಿ ಹಾಕಿದಾಗ ಅದು ಹತ್ತಬೇಕು, ಗಾಡಿ ಶುರುವಾದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದ್ರೆ ಹೇಳೋನಿಗೇ ಮಾತು ನಿಂತಿದೆ ಅಂತ ಅರ್ಥ.”

ಮಾತು ನಿಂತದ್ದು ಇ.ಸಿ.ಎಂ. ಎಂಬ ಅಲ್ಯೂಮಿನಿಯಂ ಡಬ್ಬಿಯದು. ಅಂಗೈ ಅಗಲ, ಪುಸ್ತಕದಷ್ಟು ದಪ್ಪ. ಎಂಜಿನ್ ಎಷ್ಟು ಬಿಸಿಯಾಗಿದೆ, ಕ್ರ್ಯಾಂಕ್ ಯಾವ ಕೋನದಲ್ಲಿ ತಿರುಗುತ್ತಿದೆ, ಕಾಲು ಆಕ್ಸಿಲರೇಟರನ್ನು ಎಷ್ಟು ಒತ್ತಿದೆ ಎಂಬ ಸುದ್ದಿಯನ್ನೆಲ್ಲ ಸೆನ್ಸರುಗಳು ಇದಕ್ಕೆ ಮುಟ್ಟಿಸುತ್ತವೆ. ಯಾವ ಇಂಜೆಕ್ಟರ್ ಯಾವ ಕ್ಷಣದಲ್ಲಿ ಎಷ್ಟು ಡೀಸೆಲ್ ಚಿಮ್ಮಬೇಕೆಂದು ಇದು ಅಪ್ಪಣೆ ಕೊಡುತ್ತದೆ. ಅಪ್ಪಣೆ ಬರದಿದ್ದರೆ ಟ್ಯಾಂಕ್ ತುಂಬಾ ಡೀಸೆಲ್ ಇದ್ದರೂ ಗಾಡಿ ಕದಲದು.

“ಹಾಗಾದರೆ ಡಬ್ಬಿ ಬದಲಾಯಿಸಿಬಿಡಿ” ಎಂದೆ.

“ಅದು ಕೊನೇ ಮಾತು ಸಾರ್” ಎಂದ ಹುಡುಗ. ಮೊದಲು ಬ್ಯಾಟರಿ ಅಳೆದ. ಫ್ಯೂಸು, ರಿಲೇ, ಅರ್ಥಿಂಗ್ ತಂತಿ ಒಂದೊಂದಾಗಿ ನೋಡಿದ. ಸ್ಕ್ಯಾನರ್ ಹಚ್ಚಿದ, ಡಬ್ಬಿ ಉತ್ತರಿಸಲಿಲ್ಲ. ಸೆನ್ಸರುಗಳ ಪ್ಲಗ್ಗನ್ನು ಒಂದೊಂದೇ ಕಳಚಿದ. ಅವಕ್ಕೆಲ್ಲ ಐದು ವೋಲ್ಟ್ ಕರೆಂಟು ಡಬ್ಬಿಯಿಂದಲೇ ಹೋಗುವುದರಿಂದ, ಒಂದು ಸೆನ್ಸರ್ ಶಾರ್ಟ್ ಆದರೂ ಡಬ್ಬಿ ಸತ್ತಂತೆ ತೋರಬಹುದಂತೆ. ಎಲ್ಲ ಮುಗಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಡಬ್ಬಿಯ ದೊಡ್ಡ ಕನೆಕ್ಟರ್ ತೆಗೆದ. ಹಿತ್ತಾಳೆ ಪಾತ್ರೆಗೆ ಕಿಲುಬು ಹಿಡಿದ ಹಾಗೆ ಒಳಗಿನ ಪಿನ್ನುಗಳು ಹಸಿರುಗಟ್ಟಿದ್ದವು.

“ಆಯುಧಪೂಜೆಗೆ ಎಂಜಿನ್ ತೊಳೆಸಿದ್ರಾ?”

ಅಳಿಯ ತಲೆ ತಗ್ಗಿಸಿದ. ತಿಂಗಳಿಗೊಮ್ಮೆ ವಾಟರ್ ಸರ್ವೀಸ್ ಮಾಡಿಸುವುದು ಅವನ ಅಭ್ಯಾಸ. ಹಬ್ಬಕ್ಕೆ ತಾನೇ ಪೈಪು ಹಿಡಿದು ಬಾನೆಟ್ಟಿನ ಒಳಗೆಲ್ಲ ರಭಸದ ನೀರು ಹೊಡೆದಿದ್ದನಂತೆ. ಕನೆಕ್ಟರಿನ ರಬ್ಬರ್ ಸೀಲ್ ಯಾವಾಗಲೋ ಹರಿದಿತ್ತು. ಹೊಟ್ಟೆಗೆ ಅನ್ನ ಕೊಡುವ ಗಾಡಿಯೆಂದು ಮುದ್ದಿನಿಂದ ಮೀಯಿಸಿದ್ದೇ ಅದಕ್ಕೆ ಮುಳುವಾಯಿತು. ನನಗೆ ಕೋಪ ಬಂದದ್ದು ನಿಜ. ತಿಂಗಳ ಕಂತು 13,800 ರೂಪಾಯಿ, ಐದನೇ ತಾರೀಖಿನೊಳಗೆ ಕಟ್ಟಬೇಕು. ಹೊಸ ಡಬ್ಬಿಗೆ 42,000 ರೂಪಾಯಿ, ಬರಲು ಮೂರು ವಾರ ಎಂದು ಫೋನಿನಲ್ಲಿ ತಿಳಿಯಿತು. ಮೂರು ವಾರ ಗಾಡಿ ನಿಂತರೆ ಕಂತು ನನ್ನ ಪಿಂಚಣಿಯಿಂದಲೇ. ಆದರೆ ಅವನ ಮುಖ ನೋಡಿ ಬೈಯಲು ಬಾಯಿ ಬರಲಿಲ್ಲ.

“ಜೆ.ಸಿ. ರಸ್ತೆಯಲ್ಲಿ ಹಳೇದು ಸಿಗತ್ತೆ ಸಾರ್. ನಂಬರ್ ಒಂದಕ್ಷರ ತಪ್ಪಬಾರದು” ಎಂದು ಮೆಕ್ಯಾನಿಕ್ ಡಬ್ಬಿಯನ್ನು ಒಣಬಟ್ಟೆಯಲ್ಲಿ ಸುತ್ತಿ ಕೈಗಿಟ್ಟ. ಅಳಿಯ ಗಾಡಿಯ ಹತ್ತಿರ ಉಳಿದ. ಮೊಮ್ಮಗನನ್ನು ಹೇಗೂ ಬೆಂಗಳೂರಿನ ಮನೆಗೆ ಬಿಡಬೇಕಿತ್ತು. ಮರುದಿನ ಇಬ್ಬರೂ ಹಾಸನದಲ್ಲಿ ರೈಲು ಹತ್ತಿದೆವು.

2017ರಲ್ಲಿ ಶುರುವಾದ ಈ ಕುಣಿಗಲ್ ಮಾರ್ಗದಲ್ಲಿ ಕಿಟಕಿ ಪಕ್ಕ ಕೂರುವುದೇ ಒಂದು ಸುಖ. ಶ್ರವಣಬೆಳಗೊಳದ ಹತ್ತಿರ ವಿಂಧ್ಯಗಿರಿ ಕಾಣಿಸಿತು. ಮೊಮ್ಮಗನ ಕಣ್ಣು ಮಾತ್ರ ನನ್ನ ಚೀಲದ ಮೇಲೆ. “ತಾತ, ಇದಕ್ಕೆ ನೆನಪು ಇರುತ್ತಾ?” ಎಂದ. ನನಗೆ ಉತ್ತರ ಗೊತ್ತಿರಲಿಲ್ಲ.

ಯಶವಂತಪುರದಲ್ಲಿ ಇಳಿದು, ಮೆಟ್ರೊದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಬಂದು, ಅಲ್ಲಿಂದ ನಡೆದೆವು. ಎಪ್ಪತ್ತರ ದಶಕದಲ್ಲಿ ಆ ಕಡೆಯ ಒಂದು ಶಾಖೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೆ. ಬಿಡಿಭಾಗದ ಅಂಗಡಿಯವರು ಸಂಜೆ ಕಟ್ಟಲು ತರುತ್ತಿದ್ದ ನೋಟುಗಳ ಮೇಲೆ ಗ್ರೀಸಿನ ಹೆಬ್ಬೆಟ್ಟು ಇರುತ್ತಿತ್ತು. ಎಣಿಸಿ ಎಣಿಸಿ ನಮ್ಮ ಬೆರಳೂ ಕಪ್ಪಾಗುತ್ತಿದ್ದವು. ಒಂದು ತುದಿಗೆ ಪುರಭವನದ ಕಲ್ಲುಕಂಬಗಳು, ಮುಂದೆ ರವೀಂದ್ರ ಕಲಾಕ್ಷೇತ್ರ, ಇನ್ನೊಂದು ತುದಿಗೆ ಮಿನರ್ವ ವೃತ್ತ. ಅವು ಹಾಗೇ ಇವೆ. ಜಯಚಾಮರಾಜೇಂದ್ರ ಒಡೆಯರ ಹೆಸರಿನ ಈ ರಸ್ತೆಯಲ್ಲಿ ಆಗ ಪಿಸ್ಟನ್ನು, ಗೇರು, ಬೇರಿಂಗು ನೇತುಹಾಕಿರುತ್ತಿದ್ದರು. ಈಗ ಅವುಗಳ ಜೊತೆಗೆ ಗಾಜಿನ ಕಪಾಟಿನಲ್ಲಿ ಸಾಲುಸಾಲು ಡಬ್ಬಿಗಳು, ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿದ ಹಾಗೆ.

ಮೂರನೆಯ ಅಂಗಡಿಯಾತ ನಮ್ಮ ಡಬ್ಬಿ ನೋಡಿ ಅಂಥದೇ ಒಂದನ್ನು ಮುಂದಿಟ್ಟ. “ಸೇಮ್ ಟು ಸೇಮ್ ಯಜಮಾನ್ರೇ.” ಆಕಾರ, ಬಣ್ಣ, ತೂತು ಎಲ್ಲ ಒಂದೇ. ನಾನು ಕನ್ನಡಕ ಏರಿಸಿ ಎರಡರ ಚೀಟಿಯನ್ನೂ ಒಂದೊಂದೇ ಅಂಕಿಯಾಗಿ ಓದಿದೆ, ಮೊಮ್ಮಗ ಟಿಕ್ ಹಾಕಿದ. ನಮ್ಮದರ ಕೊನೆ 4627. ಅವನದು 4672.

ಮಕ್ಕಳೇ, ಇಲ್ಲಿ ಒಂದು ಬ್ಯಾಂಕಿನ ಗುಟ್ಟು ಹೇಳುತ್ತೇನೆ. ಲೆಕ್ಕದಲ್ಲಿ ಬಂದ ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿದೆಯೋ ಎಂದು ಮೊದಲು ಹುಡುಕಬೇಕು. 4672ರಲ್ಲಿ 4627 ಕಳೆದರೆ 45. ಒಂಬತ್ತೈದಲೆ ನಲವತ್ತೈದು! ಲೆಡ್ಜರಿನಲ್ಲಾದರೆ ಅದು ಬರೆಯುವವನ ಕೈತಪ್ಪು, ತಿದ್ದಿದರೆ ಮುಗಿಯಿತು. ಇಲ್ಲಿ ಅದು ಬೇರೆಯದೇ ಗಾಡಿಯ ಡಬ್ಬಿ. ಇಂಥ ಎರಡಂಕಿ ಹಿಂದೆಮುಂದಾದ ಚಲನ್ನುಗಳಿಗಾಗಿ ನಾವು ಎಷ್ಟೋ ರಾತ್ರಿ ಹತ್ತರವರೆಗೆ ಶಾಖೆಯಲ್ಲಿ ಕೂತದ್ದುಂಟು. ಆ ಶಿಕ್ಷೆ ಅಂದು ಕೆಲಸಕ್ಕೆ ಬಂತು. ಅಂಗಡಿಯಾತ ನಕ್ಕು, ಒಳಗೆ ಹುಡುಕಿಸಿ, ಸರಿಯಾದ ನಂಬರಿನದು ತಂದ. ಬೆಲೆ 11,000 ರೂಪಾಯಿ. ರಸೀದಿ ಕೇಳಿ ಪಡೆದೆ.

ಅಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ಯುವಕ ಕಂಪ್ಯೂಟರ್ ಮುಂದೆ ಕೂತಿದ್ದ. ಮೊಮ್ಮಗ ತನ್ನ ಪ್ರಶ್ನೆಯನ್ನು ಅವನಿಗೇ ಕೇಳಿದ. “ಇರುತ್ತೆ ಪುಟ್ಟ. ನಿಮ್ಮ ಗಾಡಿ ಕೀಲಿಯ ಗುರುತು, ಹದಿನೇಳು ಅಕ್ಷರದ ಚಾಸಿಸ್ ನಂಬರು, ಒಂದೊಂದು ಇಂಜೆಕ್ಟರಿನ ಕೋಡು, ಎಲ್ಲ ಇದರ ನೆನಪಲ್ಲಿದೆ. ಹಾಗೇ ಹಾಕಿದ್ರೆ ಹೊಸ ಡಬ್ಬಿ ನಿಮ್ಮ ಕೀಲೀನ ಕಳ್ಳನ ಕೀಲಿ ಅಂತ ತಿಳ್ಕೊಂಡು ಸ್ಟಾರ್ಟೇ ಆಗಲ್ಲ.” ಹಳೆಯದರ ದೇಹ ಕೆಟ್ಟಿದ್ದರೂ ನೆನಪಿನ ಚಿಪ್ಪು ಬದುಕಿತ್ತು. ಅದನ್ನು ಇದಕ್ಕೆ ನಕಲು ಮಾಡಲು ಎರಡು ಗಂಟೆ, 3,500 ರೂಪಾಯಿ. ಅಷ್ಟರಲ್ಲಿ ನಾವು ಲಾಲ್‌ಬಾಗಿನ ಬಂಡೆ ಹತ್ತಿ ಬಂದೆವು.

ಮರುದಿನ ಸಕಲೇಶಪುರದಲ್ಲಿ ಹುಡುಗ ಕನೆಕ್ಟರಿನ ಪಿನ್ನುಗಳನ್ನು ಸ್ವಚ್ಛ ಮಾಡಿ, ಹೊಸ ಸೀಲ್ ಕೂರಿಸಿ, ಡಬ್ಬಿ ಜೋಡಿಸಿ, ಕಡೆಯಲ್ಲಿ ಬ್ಯಾಟರಿ ತಂತಿ ಕೊಟ್ಟ. ಅಳಿಯ ಕೀಲಿ ತಿರುಗಿಸಿದ. ಹಳದಿ ದೀಪ ಹತ್ತಿತು. ಮೂರನೆಯ ಸೆಲ್ಫಿಗೆ ಎಂಜಿನ್ ಶುರುವಾಯಿತು, ದೀಪ ಆರಿತು. ಅಳಿಯ ಸ್ಟೇರಿಂಗಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದ. “ಮಾವ, ನಿಮ್ಮ ದುಡ್ಡು...” ಎಂದು ಶುರುಮಾಡಿದ. “ಮೊದಲು ಕಂತು ಕಟ್ಟು, ಆಮೇಲೆ ನೋಡೋಣ” ಎಂದೆ. ನಾಲ್ಕನೇ ತಾರೀಖಿಗೆ ಕಂತು ಕಟ್ಟಿ ರಸೀದಿ ತಂದು ತೋರಿಸಿದ. ನನ್ನ ಹಣವನ್ನೂ ಯುಗಾದಿಯ ಹೊತ್ತಿಗೆ ತೀರಿಸಿದ.

ಈ ವರ್ಷದ ಆಯುಧಪೂಜೆಗೆ ಅವರ ಮನೆಗೆ ಹೋಗಿದ್ದೆ. ಗಾಡಿಗೆ ಬಾಳೆಕಂದು, ಚೆಂಡುಹೂವಿನ ಹಾರ. ಅಳಿಯ ಬಾನೆಟ್ ಎತ್ತಿ, ಒದ್ದೆ ಬಟ್ಟೆ ಹಿಂಡಿ, ಎಂಜಿನ್ನನ್ನು ನಿಧಾನವಾಗಿ ಒರೆಸುತ್ತಿದ್ದ. ಪೈಪು ಗೋಡೆಯ ಮೊಳೆಯ ಮೇಲೆಯೇ ಇತ್ತು. ಡಬ್ಬಿಯ ಮೇಲೆ ಒಂದು ಚಿಟಿಕೆ ಕುಂಕುಮ ಇಟ್ಟು, “ಇಷ್ಟು ಸಾಕಲ್ವಾ ಮಾವ?” ಎಂದ.

“ಸಾಕು” ಎಂದೆ. ಸುಬ್ರಹ್ಮಣ್ಯದ ದರ್ಶನ ಬಾಕಿ ಇತ್ತಲ್ಲ. ಮಾರನೆಯ ರಾತ್ರಿ ಎರಡು ಗಂಟೆಗೆ ಮತ್ತೆ ಅದೇ ಗಾಡಿ ಹತ್ತಿದೆ.