ಕೆಳಹಲಗೆಯ ಸಾಮಾನು

ನಾನು ಮೂವತ್ತೊಂದು ವರ್ಷ ಉಗ್ರಾಣದ ಕೆಲಸ ಮಾಡಿದವನು. ಉಗ್ರಾಣವೆಂದರೆ ಅರಮನೆಯದಲ್ಲ, ಮದುವೆಮನೆಯದೂ ಅಲ್ಲ; ಒಂದು ಕಾರ್ಖಾನೆಯ ಸ್ಟೋರು. ಬೋಲ್ಟು, ನಟ್ಟು, ವಾಷರು, ಗ್ರೀಸು ಇವುಗಳ ನಡುವೆಯೇ ನನ್ನ ಆಯುಷ್ಯದ ಬಹುಭಾಗ ಕಳೆಯಿತು. ಅಲ್ಲಿ ನಾನು ಕಲಿತದ್ದು ಹೆಚ್ಚೇನಿಲ್ಲ. ಮೇಲಿನ ಹಲಗೆಯಲ್ಲಿ ಬೀಗ ಹಾಕಿ ಇಟ್ಟ ದುಬಾರಿ ಯಂತ್ರಭಾಗವನ್ನು ವರ್ಷಕ್ಕೊಮ್ಮೆ ಯಾರಾದರೂ ಕೇಳಿದರೆ ಹೆಚ್ಚು. ಕೆಳಹಲಗೆಯ ವಾಷರು ಮುಗಿದುಹೋದರೆ ಮಾತ್ರ ಇಡೀ ಕಾರ್ಖಾನೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ನಿವೃತ್ತನಾದ ಮೇಲೆ ಈ ವಿದ್ಯೆಗೆ ಬೆಲೆಯಿಲ್ಲವೆಂದುಕೊಂಡಿದ್ದೆ. ಬೆಲೆ ಬಂದದ್ದು ನನಗೆ ಎಪ್ಪತ್ತಮೂರು ತುಂಬಿದ ಮೇಲೆ, ಅಮೆರಿಕದ ಒಂದು ಮನೆಯ ನೆಲಮಾಳಿಗೆಯಲ್ಲಿ, ಪಿಶಾಚಿಗಳನ್ನು ಎದುರಿಸುವ ಕೆಲಸದಲ್ಲಿ.

ನನ್ನ ಮಗ ಮಿಲ್ವಾಕೀ ನಗರದಲ್ಲಿದ್ದಾನೆ. ಎರಡು ಚಳಿಗಾಲದ ಹಿಂದೆ ಅವನ ಮನೆಯಲ್ಲಿ ಆರು ತಿಂಗಳು ಇದ್ದೆ. ನನ್ನಾಕೆ ಹೋಗಿ ಆಗ ನಾಲ್ಕು ವರ್ಷವಾಗಿತ್ತು. “ಅಣ್ಣಾ, ಒಂದು ಸಲ ಬಂದು ಇದ್ದು ನೋಡಿ. ಹಿಡಿಸಿದರೆ ಇಲ್ಲೇ ಇದ್ದುಬಿಡಿ. ಮೈಸೂರಿನ ಮನೇನ ಮಾರೋಣ” ಎಂದು ಅವನು ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಿದ್ದ. ಹಿಡಿಸಲಿಲ್ಲವೆನ್ನುವುದಕ್ಕೆ ಯಾವ ಕಾರಣ ಕೊಡಬೇಕೆಂದು ಯೋಚಿಸುತ್ತಲೇ ನಾನು ವಿಮಾನ ಹತ್ತಿದೆ. ಅಲ್ಲಿ ಇಳಿದು ಹಿಮವನ್ನು ಕಂಡ ಮೇಲೆ ಕಾರಣ ಹುಡುಕುವ ಶ್ರಮವೇ ಉಳಿಯಿತು.

ಒಂದು ಶನಿವಾರ ಮಧ್ಯಾಹ್ನ ಮೊಮ್ಮಗಳು ನನ್ನ ಕೋಣೆಯ ಬಾಗಿಲಿಗೆ ಬಂದಳು. ಹದಿನೈದರ ಹುಡುಗಿ. ಅಲ್ಲಿಯವರೆಗೆ ನಮ್ಮಿಬ್ಬರ ಸಂಭಾಷಣೆ “ಊಟ ಆಯ್ತಾ ತಾತ”, “ಆಯ್ತು ಮರಿ” ಎಂಬುದನ್ನು ದಾಟಿರಲಿಲ್ಲ.

“ತಾತ, ಒಬ್ಬ ಬಂದಿಲ್ಲ. ನೀನು ಆಡ್ತೀಯಾ?”

ಇಸ್ಪೀಟೋ ಚೌಕಾಬಾರವೋ ಇರಬೇಕೆಂದು ಶಾಲು ಹೊದ್ದು ಕೆಳಗಿಳಿದೆ. ಮೇಜಿನ ಸುತ್ತ ನಾಲ್ಕು ಮಂದಿ ಮಕ್ಕಳು. ಅದರ ತುದಿಗೆ, ಒಂದು ರಟ್ಟಿನ ಮರೆಯ ಹಿಂದೆ, ಹದಿನೇಳರ ಹುಡುಗನೊಬ್ಬ. ಅವನೇ ಸೂತ್ರಧಾರ. ಅವನು ಕಥೆ ಹೇಳುತ್ತಾನೆ. ಮಿಕ್ಕವರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ “ನಾನು ಹೀಗೆ ಮಾಡುತ್ತೇನೆ” ಎನ್ನುತ್ತಾರೆ. ಆದದ್ದೋ ಆಗಲಿಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ನನ್ನನ್ನು ಕುಳ್ಳರ ಕುಲದ ಪುರೋಹಿತನನ್ನಾಗಿ ಮಾಡಿದರು. ಹೆಸರೇನೆಂದು ಕೇಳಿದಾಗ ಬೇರೇನೂ ಹೊಳೆಯದೆ “ಉಗ್ರಾಣಿ” ಎಂದೆ. ಆ ಮಕ್ಕಳಿಗೆ ಅದು ಯಾವುದೋ ಪ್ರಚಂಡ ರಾಜನ ಹೆಸರಿನಂತೆ ಕೇಳಿಸಿರಬೇಕು. ಬಹಳ ಗೌರವದಿಂದ ಬರೆದುಕೊಂಡರು.

ಈ ಆಟ ಹುಟ್ಟಿದ್ದೂ ಅಲ್ಲೇ ಹತ್ತಿರದಲ್ಲಿ. ಮಿಲ್ವಾಕೀಯಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ, ಲೇಕ್ ಜಿನೀವಾ ಎಂಬ ಕೆರೆಯೂರು. ಸ್ವಿಟ್ಜರ್ಲೆಂಡಿನ ಜಿನೀವಾ ಅಲ್ಲ, ವಿಸ್ಕಾನ್ಸಿನ್ನಿನದು. ಅಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ ಎಂಬಾತ, ಮಿನೆಸೋಟದ ಡೇವ್ ಆರ್ನೆಸನ್ ಜತೆ ಸೇರಿ 1974ರಲ್ಲಿ ಇದನ್ನು ಪ್ರಕಟಿಸಿದ. ಮೂರು ಪುಟ್ಟ ಪುಸ್ತಕಗಳ ಒಂದು ಪೆಟ್ಟಿಗೆ, ಬೆಲೆ 10 ಡಾಲರು, ಮೊದಲ ಸಲ ಒಂದು ಸಾವಿರ ಪ್ರತಿ. ಗೈಗ್ಯಾಕ್ಸ್ ಮೊದಲು ವಿಮಾ ಕಂಪನಿಯಲ್ಲಿದ್ದು, ಆ ಕೆಲಸ ಹೋದ ಮೇಲೆ ಮನೆಯ ನೆಲಮಾಳಿಗೆಯಲ್ಲಿ ಬೂಟು ರಿಪೇರಿ ಮಾಡಿ ಸಂಸಾರ ತೂಗಿಸುತ್ತಿದ್ದನಂತೆ. ಅವನ ಆಟದಲ್ಲಿ ಇಷ್ಟೊಂದು ಬಗೆಯ ಮಾಯದ ಬೂಟುಗಳು ಏಕಿವೆಯೆಂದು ನನಗೆ ಅರ್ಥವಾಯಿತು. ಬಂದು ನೋಡುವ ಗಿರಾಕಿಯಿಲ್ಲದ ಹೊತ್ತಿನಲ್ಲಿ ಕೈಯಲ್ಲೊಂದು ಹಳೆಯ ಬೂಟು ಹಿಡಿದು ಕೂತವನಿಗೆ, ಇದಕ್ಕೆ ರೆಕ್ಕೆಯಿದ್ದಿದ್ದರೆ ಎನ್ನಿಸುವುದು ಸಹಜ.

ಮೊದಲ ದಿನದ ಆಟ ಮುಗಿದಾಗ ಸೂತ್ರಧಾರ ಒಂದು ಅಪ್ಪಣೆ ಕೊಟ್ಟ: ಮುಂದಿನ ಶನಿವಾರದೊಳಗೆ ಒಬ್ಬೊಬ್ಬರೂ ಒಂದೊಂದು ಮಾಯಾವಸ್ತು ಆರಿಸಿಕೊಳ್ಳಬೇಕು; ಆದರೆ ಅದು ಕೆಳದರ್ಜೆಯದೇ ಆಗಿರಬೇಕು. 2014ರಲ್ಲಿ ಬಂದ ಐದನೆಯ ಆವೃತ್ತಿಯ ಪುಸ್ತಕದಲ್ಲಿ ವಸ್ತುಗಳನ್ನು ಸಾಮಾನ್ಯ, ಅಸಾಮಾನ್ಯ, ಅಪರೂಪ, ಅತಿ ಅಪರೂಪ, ಐತಿಹ್ಯದ್ದು ಎಂದು ವಿಂಗಡಿಸಿದ್ದಾರೆ. ನಮಗೆ ಹೇಳಿದ್ದು ಕೆಳಗಿನಿಂದ ಎರಡನೆಯದು, ಅಸಾಮಾನ್ಯ. ಕೆಳದರ್ಜೆಗೆ ಅಸಾಮಾನ್ಯವೆಂದು ಹೆಸರಿಟ್ಟವನು ಯಾವುದೋ ಸರಕಾರಿ ಇಲಾಖೆಯಲ್ಲಿ ಕೆಲಸ ಮಾಡಿದವನೇ ಇರಬೇಕು.

ಪುಸ್ತಕವನ್ನು ನನ್ನ ಕೋಣೆಗೆ ತಂದುಕೊಂಡೆ. ಒಂದು ವಾರ, ಹೊರಗೆ ಹಿಮ ಬೀಳುತ್ತಿದ್ದಾಗ, ಕನ್ನಡಕ ಹಾಕಿಕೊಂಡು ಆ ಸ್ಟಾಕು ಪರಿಶೀಲಿಸಿದೆ. ವಿಂಗಡಣೆ ಸರಿಯಿಲ್ಲ ಎಂಬುದು ಮೊದಲ ದಿನವೇ ತಿಳಿಯಿತು. ಹತ್ತಿ ಕೂತರೆ ಹಾರುವ ಪೊರಕೆ ಇರುವುದೂ ಅದೇ ಹಲಗೆಯಲ್ಲಿ. ಒಂದಡಿ ದೂರದೊಳಗಿನ ವಸ್ತುವನ್ನು ಸ್ಫುಟವಾಗಿ ತೋರಿಸುವ ಗಾಜು ಇರುವುದೂ ಅದೇ ಹಲಗೆಯಲ್ಲಿ. ಆ ಎರಡನೆಯದು ನನ್ನ ಮೂಗಿನ ಮೇಲೆಯೇ ಇತ್ತು.

ಹುಡುಗರೆಲ್ಲರ ಕಣ್ಣು ಮೊದಲು ಬೀಳುವುದು ಕತ್ತಿಯ ಮೇಲೆ. ಅದಕ್ಕೆ “ಪ್ಲಸ್ ಒಂದು” ಎಂದು ಹೆಸರು. ಹೊಡೆಯುವಾಗ ದಾಳದ ಮೇಲೆ ಒಂದು ಸೇರಿಸಿಕೊಳ್ಳಬಹುದು, ಪೆಟ್ಟಿನಲ್ಲೂ ಒಂದು ಹೆಚ್ಚು. ನಾನು ಲೆಕ್ಕ ಹಾಕಿದೆ. ದಾಳಕ್ಕೆ ಇಪ್ಪತ್ತು ಮುಖ. ಆದ್ದರಿಂದ ತಪ್ಪಬೇಕಾದ ಏಟು ಬೀಳುವುದು ಇಪ್ಪತ್ತರಲ್ಲಿ ಒಂದು ಸಲ. ಮಿಕ್ಕ ಹತ್ತೊಂಬತ್ತು ಸಲ ಬೀಳುವ ಏಟು ಹೇಗೂ ಬೀಳುತ್ತದೆ, ತಪ್ಪುವುದು ಹೇಗೂ ತಪ್ಪುತ್ತದೆ. ಅದಕ್ಕಿಂತ ಎಲ್ಲಕ್ಕೂ ಕೆಳಗಿನ ಹಲಗೆಯ ಐವತ್ತು ಹೊನ್ನಿನ ಔಷಧಿಯ ಶೀಸೆ ಮೇಲು. ಒಂದು ಗುಟುಕಿಗೆ ಸರಾಸರಿ ಏಳು ಅಂಕದ ಜೀವ ಮರಳುತ್ತದೆ. ಹೊಸ ಆಟಗಾರನ ಒಟ್ಟು ಜೀವವೇ ಎಂಟೋ ಹತ್ತೋ ಇರುವಾಗ ಇದು ಸಣ್ಣ ಮಾತಲ್ಲ.

ಇನ್ನೊಂದು ನಿಯಮ ನನಗೆ ತುಂಬಾ ಹಿಡಿಸಿತು. ಕೆಲವು ವಸ್ತುಗಳು ಸುಮ್ಮನೆ ಕೈಗೆ ಬಂದರೆ ಕೆಲಸ ಮಾಡುವುದಿಲ್ಲ. ಒಂದು ಗಂಟೆ ಅವುಗಳ ಜತೆ ಕೂತು ಒಗ್ಗಿಸಿಕೊಳ್ಳಬೇಕು. ಹಾಗೆ ಒಗ್ಗಿದ ವಸ್ತುಗಳು ಒಬ್ಬನಿಗೆ ಮೂರಕ್ಕಿಂತ ಹೆಚ್ಚು ಇರಕೂಡದು. ರಕ್ಷಣೆಯ ಶಾಲಿಗೆ, ರಾಕ್ಷಸನ ಬಲ ಕೊಡುವ ಕೈಗವಸಿಗೆ ಒಗ್ಗಿಕೆ ಬೇಕು. ಚೀಲಕ್ಕೆ, ಹಗ್ಗಕ್ಕೆ, ಹೂಜಿಗೆ ಬೇಡ. ಉಗ್ರಾಣಿಯಾದವನು ಮೊದಲು ನೋಡಬೇಕಾದದ್ದು ಈ ಒಗ್ಗಿಕೆ ಕೇಳದ ಸಾಮಾನನ್ನು. ಅದು ಯಾರ ಕೈಗೆ ಕೊಟ್ಟರೂ ದುಡಿಯುತ್ತದೆ.

ಎಲ್ಲರೂ ಹೊಗಳುವ ಚೀಲವೊಂದಿದೆ. ಹೊರಗೆ ನೋಡಿದರೆ ಎರಡಡಿ ಬಾಯಿ, ನಾಲ್ಕಡಿ ಆಳ. ಒಳಗೆ 500 ಪೌಂಡು ಸಾಮಾನು ಹಿಡಿಯುತ್ತದೆ, ಎಂದರೆ ಸುಮಾರು 227 ಕಿಲೋ. ಏನು ತುಂಬಿದರೂ ಚೀಲದ ತೂಕ 15 ಪೌಂಡೇ. ಆದರೆ ಮಿತಿ ಮೀರಿ ತುಂಬಿದರೋ, ಚೂಪಾದದ್ದು ಚುಚ್ಚಿದರೋ ಹರಿದು, ಒಳಗಿದ್ದದ್ದೆಲ್ಲ ಲೋಕಾಂತರಕ್ಕೆ ಚೆಲ್ಲಾಪಿಲ್ಲಿಯಾಗುತ್ತದೆ. ಜೀವವಿರುವ ಪ್ರಾಣಿಯನ್ನು ಒಳಗೆ ಹಾಕಿದರೆ ಉಸಿರಿಗೆ ಹತ್ತು ನಿಮಿಷ. ನಮ್ಮ ತಂಡದ ಹುಡುಗನೊಬ್ಬ ಈ ಚೀಲ ಆರಿಸಿಕೊಂಡು, ಸೆರೆಸಿಕ್ಕ ಕಳ್ಳನೊಬ್ಬನನ್ನು ಅದರಲ್ಲಿ ಹಾಕಿ, ಮರೆತೇಬಿಟ್ಟ. ಆ ವಿಷಯವನ್ನು ಈಗ ಯಾರೂ ಎತ್ತುವುದಿಲ್ಲ.

ಮೊಮ್ಮಗಳು ಆರಿಸಿದ್ದು ಒಂದು ಹೂಜಿ. ಹೆಸರು ಹೇಳಿದರೆ ಆ ದ್ರವ ಬರುತ್ತದೆ: ನೀರಾದರೆ ದಿನಕ್ಕೆ ಎಂಟು ಗ್ಯಾಲನ್, ಜೇನಾದರೆ ಒಂದು, ಎಣ್ಣೆ ಸ್ವಲ್ಪವೇ, ಮತ್ತು (ನನ್ನ ಮಾತು ನಂಬಬೇಕು) ಮೆಯೊನೇಸ್ ಎರಡು ಗ್ಯಾಲನ್. ಮೊಟ್ಟೆಯಿಂದ ಮಾಡುವ ಆ ಬಿಳಿಯ ಲೇಹ್ಯವನ್ನು ಆ ದೇಶದವರು ರೊಟ್ಟಿಗೆ ಬಳಿಯುತ್ತಾರೆ. ಒಂದು ದ್ರವ ಹೇಳಿದ ಮೇಲೆ ಮಾರನೆಯ ಬೆಳಗಿನವರೆಗೆ ಬೇರೆ ಇಲ್ಲ. ನಮ್ಮ ಅಕ್ಷಯಪಾತ್ರೆಗೂ ಇಂಥದೇ ಷರತ್ತಿತ್ತು; ದ್ರೌಪದಿಯ ಊಟವಾದರೆ ಆ ದಿನಕ್ಕೆ ಮುಗಿಯಿತು. “ಇದನ್ನ ಕಟ್ಟಿಕೊಂಡು ಏನು ಮಾಡ್ತೀಯೇ? ಹಗ್ಗ ತಗೋ. ಅರವತ್ತಡಿ, ಹೇಳಿದ ಕಡೆ ತಾನೇ ಹೋಗಿ ಗಂಟು ಹಾಕಿಕೊಳ್ಳುತ್ತೆ” ಎಂದೆ. “ತಾತ, ಇಟ್ಸ್ ಫನ್ನಿ” ಎಂದಳು. ಸ್ಟೋರಿನಲ್ಲಿ ಮೂವತ್ತೊಂದು ವರ್ಷದಲ್ಲಿ ಒಬ್ಬನೂ ಇಂಡೆಂಟಿನಲ್ಲಿ ಈ ಕಾರಣ ಬರೆದಿರಲಿಲ್ಲ.

ನಾನು ಕೊನೆಗೆ ಆರಿಸಿದ್ದು ಒಂದು ಕಬ್ಬಿಣದ ಕೋಲು. ಅದರ ತುದಿಯಲ್ಲೊಂದು ಗುಂಡಿ. ಒತ್ತಿದರೆ ಕೋಲು ಇದ್ದಲ್ಲೇ ನಿಲ್ಲುತ್ತದೆ, ಗಾಳಿಯಲ್ಲಾದರೂ ಸರಿಯೇ. 8,000 ಪೌಂಡು ಭಾರ, ಸುಮಾರು ಮೂರೂವರೆ ಟನ್ನು, ಹೊರುತ್ತದೆ. ಮತ್ತೆ ಗುಂಡಿ ಒತ್ತಿದರೆ ಸಾಧಾರಣ ಕೋಲು. ಒಗ್ಗಿಕೆ ಬೇಡ, ಮಂತ್ರ ಬೇಡ, ದಿನಕ್ಕೆ ಇಷ್ಟೇ ಸಲವೆಂಬ ರೇಷನ್ನೂ ಇಲ್ಲ. ಅಗುಳಿ ಬೇಕಾದಲ್ಲಿ ಅಗುಳಿ, ಮೆಟ್ಟಿಲು ಬೇಕಾದಲ್ಲಿ ಮೆಟ್ಟಿಲು, ಬಟ್ಟೆ ಒಣಹಾಕಲು ಗಳು. ಇಡೀ ಪುಸ್ತಕದಲ್ಲಿ ಇದೊಂದನ್ನು ಮಾತ್ರ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು ಬರೆದಂತಿತ್ತು.

ಅದು ಕೆಲಸಕ್ಕೆ ಬಂದದ್ದು ನಾಲ್ಕನೆಯ ಶನಿವಾರ. ಒಂದು ಪಾಳು ಗೋಪುರದ ನೆಲದೊಳಗಿನ ಓಣಿ. ಹಿಂದೆ ಹೆಣ ತಿನ್ನುವ ಪಿಶಾಚಿಗಳು, ಮುಂದೆ ನಲವತ್ತಡಿಯ ಬಾವಿಯಂಥ ಕಂಡಿ, ಕೆಳಗೆ ಹೊರಕ್ಕೆ ಹೋಗುವ ದಾರಿ. ಗೋಡೆ ನುಣುಪು; ಹಗ್ಗವಿದೆ, ಕಟ್ಟುವುದಕ್ಕೆ ಒಂದು ಗೂಟವಿಲ್ಲ. ಹುಡುಗರು ಜಗಳವಾಡುತ್ತಿದ್ದಾಗ ನಾನು ಕಂಡಿಯ ಬಾಯಿಗೆ ಅಡ್ಡಲಾಗಿ ಕೋಲು ಹಿಡಿದು ಗುಂಡಿ ಒತ್ತುತ್ತೇನೆಂದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಮೇಜನ್ನೇ ಕುಟ್ಟಿದರು. ಅಷ್ಟರಲ್ಲಿ ಮೊಮ್ಮಗಳು ಓಣಿಯ ತುಂಬ ಮೆಯೊನೇಸ್ ಸುರಿಯಲು ತೊಡಗಿದ್ದಳು. ಪಿಶಾಚಿ ಅದರ ಮೇಲೆ ಕಾಲಿಟ್ಟರೆ ಏನೆಂದು ಪುಸ್ತಕದಲ್ಲಿ ಬರೆದಿಲ್ಲ. ಸೂತ್ರಧಾರ ತಲೆ ಕೆರೆದುಕೊಂಡು ದಾಳ ಹಾಕಿದ; ಮೂರು ಪಿಶಾಚಿಗಳು ಅಂಗಾತ ಬಿದ್ದವು. ಹೂಜಿಯ ವಿಷಯದಲ್ಲಿ ನಾನು ಆಡಿದ್ದ ಮಾತನ್ನು ಅಲ್ಲೇ ಹಿಂತೆಗೆದುಕೊಂಡೆ.

ಒಬ್ಬೊಬ್ಬರಾಗಿ ಹಗ್ಗ ಹಿಡಿದು ಇಳಿದರು. ನಾನು ಕೊನೆಯವನು. ಅರ್ಧ ಇಳಿದಾಗ ಮೊಮ್ಮಗಳು ಕೂಗಿದಳು: “ತಾತ, ನಿನ್ನ ಕೋಲು!”

ಗುಂಡಿ ಇರುವುದು ಮೇಲೆ. ಅದನ್ನು ಒತ್ತಿದರೆ ಹಗ್ಗಕ್ಕೆ ಆಧಾರವಿಲ್ಲ. ಒತ್ತದಿದ್ದರೆ ಕೋಲು ಬರುವುದಿಲ್ಲ. ಒಂದು ವಾರ ಪುಸ್ತಕ ಓದಿದರೂ ನನಗೆ ಇದು ಹೊಳೆದಿರಲಿಲ್ಲ. ಹಳೆಯ ಉಗ್ರಾಣಿಗೆ ಇದಕ್ಕಿಂತ ನಾಚಿಕೆಯಿಲ್ಲ. ಸ್ಟೋರಿನಲ್ಲಿ ಎರಡು ರಿಜಿಸ್ಟರು: ಖರ್ಚಾಗುವ ಸಾಮಾನಿನದೊಂದು, ಖರ್ಚಾಗದ ಸಾಮಾನಿನದೊಂದು. ಕೋಲನ್ನು ನಾನು ಎರಡನೆಯದರಲ್ಲಿ ಬರೆದುಕೊಂಡಿದ್ದೆ. ಸೂತ್ರಧಾರ ನನ್ನ ಮುಖ ನೋಡುತ್ತ ಕಾದ. “ಇರಲಿ, ಅಲ್ಲೇ ಇರಲಿ” ಎಂದು ಕನ್ನಡದಲ್ಲೇ ಹೇಳಿದೆ. ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಿದಳು.

ರಾತ್ರಿ ಅವಳು ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತಳು. “ಬೇಜಾರಾ, ತಾತ?”

“ಇಲ್ಲ ಕಣೇ. ಎಲ್ಲರೂ ಇಳಿದರಲ್ಲ.”

“ಅದು ಅಲ್ಲೇ ಇರತ್ತೆ ಗೊತ್ತಾ? ಯಾರಾದ್ರೂ ಗುಂಡಿ ಒತ್ತೋವರೆಗೂ. ಹಂಡ್ರೆಡ್ ಇಯರ್ಸ್ ಆದ್ರೂ.” ಆಮೇಲೆ ಅಜ್ಜಿಯ ವಿಷಯ ಕೇಳಿದಳು, ಮೊದಲ ಸಲ. ಅಜ್ಜಿ ಯಾವ ವಸ್ತು ಆರಿಸುತ್ತಿದ್ದಳು ಎಂದು. ಪುಸ್ತಕ ತೆಗೆದು ಹುಡುಕಿದೆವು. 2017ರಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಿ, ತೀರ ಕೆಳಗಿನ ‘ಸಾಮಾನ್ಯ’ ದರ್ಜೆಯಲ್ಲಿ, ಒಂದು ಸಂಬಾರದ ಚೀಲವಿತ್ತು: ಬೇಕಾದ ಮಸಾಲೆಯ ಹೆಸರು ಹೇಳಿ ಕೈ ಹಾಕಿದರೆ ಒಂದು ಚಿಟಿಕೆ ಬರುತ್ತದೆ, ಹತ್ತು ಚಿಟಿಕೆಯವರೆಗೆ, ಮತ್ತೆ ಬೆಳಗಾದರೆ ತಾನೇ ತುಂಬಿಕೊಳ್ಳುತ್ತದೆ. ಇದರಿಂದ ಯಾವ ಪಿಶಾಚಿಯೂ ಸಾಯುವುದಿಲ್ಲ. ಇಬ್ಬರೂ ಏಕಕಾಲಕ್ಕೆ ಅದರ ಮೇಲೆ ಬೆರಳಿಟ್ಟೆವು.

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುವಾಗ, ಮನೆಯ ವಿಚಾರ ಮಾತಾಡೋಣವೆಂದು ಮಗನಿಗೆ ನಾನೇ ಹೇಳಿದೆ. ಅವನು ಲೋಟ ಕೆಳಗಿಟ್ಟ. ಏಕೆಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಾಗದಪತ್ರಗಳು ಬರಲು ಒಂದು ವರ್ಷಕ್ಕೂ ಮೇಲಾಯಿತು. ಈಗ ಮೈಸೂರಿನ ಮನೆಯ ನಡುಮನೆಯಲ್ಲಿ ಎರಡು ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿವೆ. ಒಂದೊಂದಕ್ಕೆ 23 ಕಿಲೋ, ಎಂದರೆ ಸುಮಾರು 50 ಪೌಂಡು. ಎರಡೂ ಸೇರಿದರೆ ಆ ಚೀಲದ ಐದನೆಯ ಒಂದು ಪಾಲು. ಕೈಚೀಲಕ್ಕೆ 7 ಕಿಲೋ, ಅದು ಹೆಚ್ಚುಕಡಿಮೆ ಬರಿಯ ಮಾಯದ ಚೀಲದ ತೂಕ. ಪ್ರತಿ ಶನಿವಾರ ರಾತ್ರಿ, ಅವರಿಗೆ ಬೆಳಗಾದಾಗ, ಮೊಮ್ಮಗಳು ಫೋನಿನಲ್ಲಿ ಕಾಣಿಸಿಕೊಂಡು ಪಟ್ಟಿ ಕೇಳುತ್ತಾಳೆ. ನಾನು ಒಂದೊಂದೇ ತೂಗಿ ಹೇಳುತ್ತೇನೆ. ಪುಸ್ತಕಗಳನ್ನು ಅವಳೇ ಹೊಡೆದುಹಾಕಿದಳು, ಅಲ್ಲೂ ಸಿಗುತ್ತವಂತೆ. ಹಿತ್ತಾಳೆಯ ದೊಡ್ಡ ಚೊಂಬು ಬೇಡವೆಂದು ನಾನೇ ತೆಗೆದೆ. ಏಳು ಬಟ್ಟಲಿನ ಸಂಬಾರದ ಡಬ್ಬಿ ಒಂದು ಕಿಲೋ ಇನ್ನೂರು ಗ್ರಾಂ ಇದೆ. ಅದರ ಒಳಗಿನ ಚಮಚದಲ್ಲಿ ಈಗಲೂ ಇಂಗಿನ ವಾಸನೆ. “ಅದಕ್ಕೆ ಒಗ್ಗಿಕೆ ಬೇಕಾ, ತಾತ?” ಎಂದಳು. ಬೇಕು ಎಂದೆ. ಹಾಗಾದರೆ ಇನ್ನೆರಡೇ ಎಂದು ಬರೆದುಕೊಂಡಳು. ಆ ಎರಡು ಯಾವುವೆಂದು ಇನ್ನೂ ತೀರ್ಮಾನವಾಗಿಲ್ಲ. ಹಿತ್ತಿಲ ಒರಳುಕಲ್ಲನ್ನು ಪಕ್ಕದ ಮನೆಯವರು ಕೇಳಿದ್ದಾರೆ. ಮನೆ ಕೊಳ್ಳುವವರು ಸೋಮವಾರ ನೋಡಲು ಬರುತ್ತಾರೆ. ಅವರಿಗೂ ಬೇಕಾಗಬಹುದು, ಕೇಳಿ ಹೇಳುತ್ತೇನೆ ಎಂದಿದ್ದೇನೆ.