ಜೌಗು ನೆಲದ ಗುಮಾಸ್ತರು

2024ರ ಜುಲೈ ತಿಂಗಳಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಸಮಿತಿ ನಮ್ಮ ಹೊಸದಿಲ್ಲಿಯಲ್ಲಿ ಸಭೆ ಸೇರಿ, ಸ್ಕಾಟ್ಲೆಂಡಿನ ಫ್ಲೋ ಕಂಟ್ರಿ ಎಂಬ ಜೌಗು ಪ್ರದೇಶವನ್ನು ತನ್ನ ಪಟ್ಟಿಗೆ ಸೇರಿಸಿತು. ಕೆಸರಿಗೂ ಇಷ್ಟೊಂದು ಮರ್ಯಾದೆಯೇ ಎಂದು ಆಗ ನಾವು ನಕ್ಕಿದ್ದುಂಟು. ಮರುವರ್ಷ ಜೂನಿನಲ್ಲಿ ಆ ಕೆಸರನ್ನೇ ಕಣ್ಣಾರೆ ಕಾಣುವ ಯೋಗ ಬಂದಿತು. ಇನ್ವರ್ನೆಸ್ಸಿನಲ್ಲಿ ಪ್ರಯೋಗಾಲಯದ ಸಹಾಯಕನಾಗಿರುವ ನಮ್ಮ ಭಾವಮೈದುನ ಟಿಕೆಟ್ಟು ಕಳುಹಿಸಿದ. ಇಲ್ಲವಾದರೆ ಗುಮಾಸ್ತರ ಸಂಬಳಕ್ಕೆ ಇಂಥ ಪ್ರವಾಸ ಎಟುಕುವುದುಂಟೆ?

ಹೊರಡುವ ಹಿಂದಿನ ರಾತ್ರಿ ಅವನು ಸೂಕ್ಷ್ಮದರ್ಶಕ ತೆಗೆದಿಟ್ಟು, "ಭಾವ, ನಾಳೆ ನೋಡುವ ಊರಿನ ಒಕ್ಕಲನ್ನು ಇಂದೇ ನೋಡಿಬಿಡಿ" ಎಂದ. ಸ್ಫ್ಯಾಗ್ನಂ ಎಂಬ ಹಾವಸೆಯನ್ನು ಹಿಂಡಿದ ನೀರಿನಲ್ಲಿ ಸಿಕ್ಕಿದ ಅಮೀಬಾಗಳು ಅವು. ಶಾಲೆಯ ಪುಸ್ತಕದ ಅಮೀಬಾದಂತೆ ಬರಿಮೈಯವಲ್ಲ. ಕಣ್ಣಿಗೆ ಕಾಣದ ಆ ಮೈಗೆ ಒಂದೊಂದು ಚಿಪ್ಪು. ಕೆಲವು ಚಿಪ್ಪನ್ನು ತಾವೇ ಸ್ರವಿಸಿಕೊಳ್ಳುತ್ತವೆ, ಕೆಲವು ಮರಳಿನ ಕಣಗಳನ್ನು ಅಂಟಿಸಿ ಕಟ್ಟಿಕೊಳ್ಳುತ್ತವೆ. ನೀರು ತುಂಬಿದ ತಗ್ಗಿನಿಂದ ತಂದುದರಲ್ಲಿ ಆರ್ಚೆರೆಲ್ಲಾ ಎಂಬುದಿತ್ತು. ಅದು ತನ್ನ ಚಿಪ್ಪಿನೊಳಗೆ ಹಸಿರು ಪಾಚಿಯ ಕಣಗಳನ್ನು ಸಾಕಿಕೊಳ್ಳುತ್ತದೆ. ಒಣದಿಬ್ಬದ ಹಾವಸೆಯಲ್ಲಿ ಕಂದುಬಣ್ಣದ ಪುಟ್ಟ ಅಸ್ಸುಲಿನಾ. ದಿಬ್ಬದ ಎಲೆಗಳ ಮೇಲೆ ನೀರು ತೆಳುವಾದ ಪೊರೆಯಷ್ಟೇ. ಅಲ್ಲಿ ದೊಡ್ಡ ಮೈಯವಕ್ಕೆ ಓಡಾಡಲು ಕಷ್ಟ, ಚಿಕ್ಕವು ಬಾಳಿಕೊಳ್ಳುತ್ತವೆ.

ಮರುದಿನ ಮೂರು ಗಂಟೆಗೂ ಮಿಕ್ಕ ರೈಲು ಪ್ರಯಾಣದ ಬಳಿಕ ಫಾರ್ಸಿನಾರ್ಡ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದೆವು. ಚಪ್ಪಡಿ ಹಾಸಿದ ಕಾಲುದಾರಿ, ಎರಡು ಕಡೆಯೂ ಕಪ್ಪುನೀರಿನ ಹೊಂಡಗಳು, ಹತ್ತಿಹುಲ್ಲಿನ ಬಿಳಿ ಕುಚ್ಚುಗಳು. ಸುಮಾರು 4,000 ಚದರ ಕಿಲೋಮೀಟರು ಇದೇ ನೋಟ. ನೀರಿನ ಮಟ್ಟಕ್ಕೂ ದಿಬ್ಬದ ತುದಿಗೂ ಒಂದೆರಡು ಗೇಣು ಅಂತರ. ಅಷ್ಟರಲ್ಲೇ ಒಕ್ಕಲು ಬದಲಾಗುತ್ತದೆ. ಹುಳಿಯಾದ, ಗಾಳಿಯಾಡದ ಈ ನೀರಿನಲ್ಲಿ ಸತ್ತ ಹಾವಸೆ ಪೂರ್ತಿ ಕೊಳೆಯದೆ ಪೀಟ್ ಎಂಬ ಕಪ್ಪುಮಣ್ಣಾಗಿ, ಸಾವಿರಾರು ವರ್ಷಗಳಿಂದ ಪದರಪದರವಾಗಿ ಕೂತಿದೆ. ಅದರೊಡನೆ ಅಮೀಬಾದ ಚಿಪ್ಪೂ ಉಳಿಯುತ್ತದೆ. ವಿಜ್ಞಾನಿಗಳು ಕೊಳವೆಯಿಳಿಸಿ ಪದರಗಳನ್ನು ತೆಗೆದು, ಯಾವ ಚಿಪ್ಪು ಎಷ್ಟೆಂದು ಎಣಿಸಿ, ಆ ಕಾಲದಲ್ಲಿ ನೀರು ಎಷ್ಟು ಮೇಲಿತ್ತೆಂದು ಅಂದಾಜು ಮಾಡುತ್ತಾರೆ. ನಮ್ಮ ಕಸುಬಿನವರೇ ಸಿಕ್ಕಿದರಲ್ಲಾ ಎನಿಸಿತು. ಇವರ ರಿಜಿಸ್ಟರಿನಲ್ಲಿ ಅಳಿಸಿ ಬರೆದುದು ಮಾತ್ರ ಇಲ್ಲ.

ದೂರದಲ್ಲಿ ಸಾಲುಸಾಲು ಮರದ ಬೊಡ್ಡೆಗಳು ಕಂಡವು. 1980ರ ದಶಕದಲ್ಲಿ ಇಲ್ಲಿ ಮರ ನೆಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುತ್ತಿತ್ತಂತೆ. ಕಾಲುವೆ ತೋಡಿ ನೀರು ಬಸಿದು, ಜೌಗಿಗೆ ಒಗ್ಗದ ಮರಗಳನ್ನು ನೆಟ್ಟರು. 1988ರಲ್ಲಿ ರಿಯಾಯಿತಿ ನಿಂತಿತು. ಈಗ ಆ ಮರಗಳನ್ನು ಕಡಿದು, ಕಾಲುವೆಗಳನ್ನು ಮುಚ್ಚಿ, ನೀರನ್ನು ಮೇಲೆ ತರುತ್ತಿದ್ದಾರೆ. ನೀರು ಬಂದೊಡನೆ ತಗ್ಗಿನ ಒಕ್ಕಲು ಮರಳಿ ಬಂದುಬಿಡುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ಕಾಯಬೇಕು.

"ಮಾಮ, ನೀರು ಬಸಿದ ಕಡೆ ಹಳೆಯ ಚಿಪ್ಪುಗಳು ಹಾಗೇ ಇರುತ್ತವೆಯೇ?" ಎಂದಳು ನಮ್ಮ ಮಗಳು.

"ಪೀಟು ಒದ್ದೆಯಾಗಿದ್ದಷ್ಟು ದಿನ ಇರುತ್ತವೆ, ಪುಟ್ಟಿ. ಒಣಗಿ ಗಾಳಿ ಹೊಕ್ಕರೆ ಅದು ಕೊಳೆಯತೊಡಗುತ್ತದೆ. ಆಗ ಪುಸ್ತಕಕ್ಕೇ ಹುಳು ಬಿದ್ದಂತೆ."

ನಾವು ಸುಮ್ಮನಾದೆವು. ದೂರದ ಊರಿನ ಕಚೇರಿಯೊಂದರಲ್ಲಿ ಹೊರಟ ರಿಯಾಯಿತಿಯ ಆಜ್ಞೆ ಇಷ್ಟು ದೂರ ಬಂದು ಮುಟ್ಟಿತ್ತು. ಅದನ್ನು ನಕಲು ಮಾಡಿ, ನಂಬರು ಹಾಕಿ ಕಳುಹಿಸಿದವರು ನಮ್ಮಂಥವರೇ ಇರಬೇಕು. ಅವರಾರೂ ಈ ಕೆಸರನ್ನು ನೋಡಿರಲಾರರು.

ದಿಲ್ಲಿಗೆ ಬಂದು ತಿಂಗಳುಗಳಾದವು. ತೀರ್ಮಾನ ಮಾಡುವ ಅಧಿಕಾರ ನಮಗೆ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಆದರೂ ಕೆರೆ, ಹೊಂಡ, ನೆಲಕ್ಕೆ ಸಂಬಂಧಿಸಿದ ಕಾಗದ ಮೇಜಿಗೆ ಬಂದರೆ, ಟಿಪ್ಪಣಿ ಬರೆಯುವ ಮುನ್ನ ಅದನ್ನು ಎರಡು ಸಲ ಓದುತ್ತೇವೆ.