ಸ್ವರ ಅದೇ, ತಾಳ ಬೇರೆ

ಆಟಿಕೆ ಎಂದೊಡನೆ ಕೊಪ್ಪಳ ಜಿಲ್ಲೆಯವರ ನಾಲಗೆಗೆ ಮೊದಲು ಬರುವ ಹೆಸರು ಕಿನ್ನಾಳದ್ದು. ಹಗುರಾದ ಕಟ್ಟಿಗೆಯನ್ನು ಕೆತ್ತಿ, ಬಣ್ಣ ತುಂಬಿ, ಅಲ್ಲಿಯ ಚಿತ್ರಗಾರ ಮನೆತನಗಳು ಮಾಡುವ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಈಚೆಗೆ, 2021ರ ಜನವರಿಯಲ್ಲಿ, ಭಾನಾಪುರದ ಬಳಿ ಆಟಿಕೆ ಕಾರ್ಖಾನೆಗಳ ಸಮುಚ್ಚಯಕ್ಕೆ ಅಡಿಗಲ್ಲು ಬಿದ್ದಿತು. ಇವೆರಡರ ನಡುವೆ ಮೂರನೆಯ ಬಗೆಯ ಆಟಿಕೆಯೊಂದು ನಮ್ಮ ಊರುಗಳಲ್ಲಿ ಸದ್ದಿಲ್ಲದೆ ಬಾಳಿ ಹೋಯಿತು. ಸದ್ದಿಲ್ಲದೆ ಎಂದದ್ದು ಮಾತಿಗೆ ಮಾತ್ರ. ಅದರ ಸದ್ದು ಓಣಿಯ ತುದಿಯವರೆಗೂ ಕೇಳುತ್ತಿತ್ತು. ತೊಂಬತ್ತರ ದಶಕದ ವಿಡಿಯೋ ಗೇಮ್ ಅದು.

ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ‘ಫ್ಯಾಮಿಕಾಮ್’ ಎಂಬ ಆಟದ ಯಂತ್ರವನ್ನು ಹೊರತಂದಿತು. ಅದರ ತದ್ರೂಪುಗಳು ನಮ್ಮ ದೇಶದ ಪೇಟೆಗಳಿಗೂ ಬಂದವು. ಲಿಟಲ್ ಮಾಸ್ಟರ್, ಸಮುರಾಯ್ ಮುಂತಾದ ಹೆಸರುಗಳನ್ನು ಇಂದು ನಲವತ್ತು ದಾಟಿದವರು ಮರೆತಿರಲಾರರು. ಯಂತ್ರದ ನೆತ್ತಿಯಲ್ಲಿ ಹಳದಿ ಬಣ್ಣದ ಕ್ಯಾಸೆಟ್ಟು ಸಿಕ್ಕಿಸಬೇಕು, ಚಿತ್ರ ಬಾರದಿದ್ದರೆ ತೆಗೆದು ಬಾಯಿಂದ ಊದಬೇಕು. ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಅಚ್ಚಾಗಿರುತ್ತಿತ್ತು. ಒಳಗಿದ್ದವು ಬೆರಳೆಣಿಕೆಯ ಆಟಗಳೇ, ಹೆಸರು ಬದಲಿಸಿ ಮತ್ತೆ ಮತ್ತೆ ಬರುವಂಥವು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಚದುರಿ ನೆಲೆಸಿರುವ ಒಂದೇ ಮನೆತನದ ಅಣ್ಣತಮ್ಮಂದಿರು ನಾವು. ನಮ್ಮ ಕಾಕಾ ಅಂದು ಗಂಗಾವತಿಯಲ್ಲಿ ಇಂಥದೊಂದು ಗೇಮ್ ಅಂಗಡಿ ನಡೆಸುತ್ತಿದ್ದರು. ಭತ್ತದ ವ್ಯಾಪಾರದಿಂದ ಕೈಯಲ್ಲಿ ಕಾಸು ಆಡುತ್ತಿದ್ದ ಊರು. ನಾಲ್ಕು ಟಿವಿಗಳ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ಹುಡುಗರು ಕಿಕ್ಕಿರಿಯುತ್ತಿದ್ದರು. ಕಾಕಾ ಸ್ವತಃ ಆಡಿದವರಲ್ಲ. ಗಲ್ಲೆಯ ಮೇಲೆ ಕುಳಿತು ಅರ್ಧ ಗಂಟೆಗಿಷ್ಟೆಂದು ಹಣ ಪಡೆಯುವುದು, ವೇಳೆ ಮುಗಿದವನನ್ನು ಎಬ್ಬಿಸುವುದು ಅವರ ಕೆಲಸ. ಊರಿನ ಭಜನಾ ಮೇಳದಲ್ಲಿ ತಬಲಾ ನುಡಿಸುತ್ತಿದ್ದ ಅವರಿಗೆ ಗಡಿಯಾರಕ್ಕಿಂತ ಕಿವಿಯೇ ಹೆಚ್ಚು ನಂಬಿಕೆಯದಾಗಿತ್ತು. ಯಾವ ಟಿವಿಯಲ್ಲಿ ಯಾರ ಆಟ ಎಲ್ಲಿಗೆ ಬಂದಿದೆ ಎಂಬುದನ್ನು ತಲೆಯೆತ್ತದೆ ಹೇಳಬಲ್ಲವರಾಗಿದ್ದರು. ಮುಂದೆ ಅಂಗಡಿ ಮುಚ್ಚಿ ಯಲಬುರ್ಗಾಕ್ಕೆ ಬಂದು ಸ್ಟೇಷನರಿ ವ್ಯಾಪಾರ ಹಿಡಿದರು.

ಎರಡು ವರ್ಷಗಳ ಹಿಂದೆ ಅವರಿಗೆ ಲಘುವಾಗಿ ಪಾರ್ಶ್ವವಾಯು ಬಡಿಯಿತು. ಕೈ ಬಹುಮಟ್ಟಿಗೆ ಸರಿಹೋಯಿತು. ಆದರೆ ಹೆಸರುಗಳು ತಪ್ಪತೊಡಗಿದವು, ಸೋಮವಾರವನ್ನು ಗುರುವಾರವೆಂದರು. ಮನಸ್ಸು ಮತ್ತು ಬೆರಳುಗಳೆರಡಕ್ಕೂ ಕೆಲಸ ಕೊಡಿರೆಂದು ವೈದ್ಯರು ಹೇಳಿದರು. ಮನೆಯಲ್ಲಿ ಮಾತ್ರ ಬೇರೊಂದು ಮಾತು ಹುಟ್ಟಿತ್ತು. ಬರುವ ದೀಪಾವಳಿಯ ಪೂಜೆಗೆ ಹೊಸ ಕಿರ್ದಿ ಪುಸ್ತಕ ತೆರೆಯುವಾಗ ಅದನ್ನು ಕಾಕಾರ ಕೈಗೆ ಕೊಡುವುದು ಬೇಡವೆಂಬ ಮಾತು ಅದು. ಹದಿನೆಂಟು ವರ್ಷ ಒಂದು ದಿನವೂ ಬಿಡದೆ ಲೆಕ್ಕ ಬರೆದ ಮನುಷ್ಯ ಅವರು.

ಇಂಜಿನಿಯರಿಂಗ್ ಓದುವ ನಮ್ಮ ಕೊಪ್ಪಳದ ಮನೆಯ ಹುಡುಗ, ವೈದ್ಯರ ಮಾತನ್ನು ಮನಸ್ಸಿನಲ್ಲಿಟ್ಟು, ಅಜ್ಜನಿಗೆ ಹಳೆಯ ಆಟವನ್ನು ಮತ್ತೆ ತಂದುಕೊಡುವುದಾಗಿ ಹೊರಟ. ಅವನ ಬಳಿ ‘ರಾಸ್ಪ್‌ಬೆರಿ ಪೈ’ ಎಂಬ ಏಕಫಲಕ ಗಣಕವಿತ್ತು. ಅಂಗೈಯಗಲದ ಒಂದೇ ಹಲಗೆಯಲ್ಲಿ ಇಡೀ ಗಣಕಯಂತ್ರ ಅಡಗಿದೆ. ಮಕ್ಕಳು ಪ್ರೋಗ್ರಾಮ್ ಬರೆಯುವುದನ್ನು ಕಲಿಯಲೆಂದು ಇಂಗ್ಲೆಂಡಿನ ಕೇಂಬ್ರಿಜ್‌ನವರು ಇದನ್ನು ರೂಪಿಸಿ 2012ರ ಫೆಬ್ರುವರಿ 29ರಂದು ಮಾರಾಟಕ್ಕಿಟ್ಟರು. ಅದೇ ಊರಿನ ಬಿಬಿಸಿ ಮೈಕ್ರೋ ಎಂಬ ಹಳೆಯ ಗಣಕ ಇದಕ್ಕೆ ಸ್ಫೂರ್ತಿ. ಅದನ್ನೇ 1984ರಲ್ಲಿ ‘ಕ್ಲಾಸ್’ ಯೋಜನೆಯಡಿ ಭಾರತದ ಕೆಲವು ಶಾಲೆಗಳಿಗೂ ಕೊಡಲಾಗಿತ್ತು.

ಈ ಹಲಗೆಗೆ ‘ಎಮ್ಯುಲೇಟರ್’ ಎಂಬ ತಂತ್ರಾಂಶವನ್ನು ತುಂಬಿದರೆ ಅದು ಹಳೆಯ ಆಟದ ಯಂತ್ರದಂತೆ ನಡೆದುಕೊಳ್ಳುತ್ತದೆ. ನಮ್ಮ ಕಡೆಯ ಹಗಲುವೇಷದವರನ್ನು ನೆನೆದರೆ ಸಾಕು, ವಿಷಯ ತಿಳಿಯುತ್ತದೆ. ಪೊಲೀಸ್ ವೇಷ ಹಾಕಿದವನು ಪೊಲೀಸನಲ್ಲ; ಆದರೆ ನಡಿಗೆ, ಗದರಿಕೆ, ಮೀಸೆ ತಿರುವುವ ರೀತಿ ಎಲ್ಲವೂ ಅವನದೇ. ವೇಷ ಎಷ್ಟು ಸೊಗಸಾದರೂ ನಡಿಗೆಯಲ್ಲಿ ತುಸು ಹೆಚ್ಚುಕಡಿಮೆಯಾದರೆ ಬಲ್ಲವರು ಹಿಡಿಯುತ್ತಾರೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳುವುದು ಒಳಿತು. ಎಮ್ಯುಲೇಟರ್ ಬಳಸುವುದು ತಪ್ಪಲ್ಲವಾದರೂ ಆಟಕ್ಕೆ ಒಡೆಯರಿದ್ದಾರೆ. ನಾವು ನೆಚ್ಚಿಕೊಂಡ ‘ಸೂಪರ್ ಮಾರಿಯೊ ಬ್ರದರ್ಸ್’ 1985ರದು, ಅದರ ಹಕ್ಕು ಇಂದಿಗೂ ನಿಂಟೆಂಡೊದ ಬಳಿಯೇ ಇದೆ. ಕುಷ್ಟಗಿಯ ಮನೆಯ ಅಟ್ಟದ ಮೇಲಿದ್ದ ಕಾಕಾರ ಕ್ಯಾಸೆಟ್ಟಿನಿಂದಲೇ ಹುಡುಗ ಆಟವನ್ನು ಓದಿಸಿಕೊಂಡ; ಅದನ್ನು ಯಾರಿಗೂ ಹಂಚಲಿಲ್ಲ. ಮಕ್ಕಳಿಗೆ ಆಡಲು ಬೇಕಿದ್ದರೆ, ಬರೆದವರೇ ಉಚಿತವಾಗಿ ಕೊಡುವ ಹೊಸ ಆಟಗಳಿವೆ, ಅವು ಲೇಸು.

ಆರಂಭದ ತೊಡಕುಗಳು ಸಾಮಾನ್ಯವಾದವು. ಮೊಬೈಲ್ ಚಾರ್ಜರಿನಿಂದ ನಡೆಸಿದಾಗ ಪರದೆಯ ಬಲ ಮೂಲೆಯಲ್ಲಿ ಮಿಂಚಿನ ಗುರುತು ಕಾಣಿಸಿತು. ವಿದ್ಯುತ್ತು 4.63 ವೋಲ್ಟಿಗಿಂತ ಕೆಳಗಿಳಿದರೆ ಹಲಗೆ ಹಾಗೆ ಎಚ್ಚರಿಸುತ್ತದೆ. ಈ ಮೂರನೆಯ ಮಾದರಿಗೆ 5.1 ವೋಲ್ಟ್, 2.5 ಆಂಪಿಯರಿನ ಪ್ರತ್ಯೇಕ ಅಡಾಪ್ಟರ್ ಬೇಕು. ತಂದ ಮೇಲೆ ಗುರುತು ಮಾಯವಾಯಿತು. ನಡುವೆ ಕರೆಂಟು ಹೋದರೆ ಒಳಗಿನ ಮೆಮೊರಿ ಕಾರ್ಡು ಕೆಡಬಹುದು, ಆದ್ದರಿಂದ ಅದರ ಪ್ರತಿಯೊಂದನ್ನು ಎತ್ತಿಟ್ಟಿರಬೇಕು. ಹಲಗೆಯ ಬಿಸಿ 80 ಡಿಗ್ರಿ ಮುಟ್ಟಿದರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಮ್ಮ ಬೇಸಿಗೆಯಲ್ಲಿ ಮುಚ್ಚಿದ ಡಬ್ಬಿಯಲ್ಲಿ ಇಡುವಂತಿಲ್ಲ.

ಒಂದು ಭಾನುವಾರ ನಾಲ್ಕೂ ಊರಿನವರು ಯಲಬುರ್ಗಾದಲ್ಲಿ ಸೇರಿದ್ದೆವು. ಆಟ ಶುರುವಾಯಿತು, ಕೋಜಿ ಕೊಂಡೊ ಎಂಬ ಸಂಗೀತಗಾರ ರಚಿಸಿದ, ಲೋಕವೆಲ್ಲ ಬಲ್ಲ ಆ ಧಾಟಿ ಮೊಳಗಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಕಾಕಾ ಒಂದು ನಿಮಿಷ ಕೇಳಿ ತಲೆಯಾಡಿಸಿದರು.

“ಇದ ಆ ಆಟ ಅಲ್ಲ ತಮ್ಮಾ. ಸ್ವರ ಅದ ಐತಿ, ತಾಳ ಬ್ಯಾರೆ ಐತಿ. ಯಾರೋ ಬೆನ್ನ ಹತ್ತಿದಂಗ ಓಡಾಕತ್ತೈತಿ.”

ಹುಡುಗ ಆಟದ ಹೆಸರನ್ನು ತೋರಿಸಿದ, ಕ್ಯಾಸೆಟ್ಟನ್ನೂ ತೋರಿಸಿದ. ಕಾಕಾ ಒಪ್ಪಲಿಲ್ಲ. ಚಿಗವ್ವ ಒಳಗೆ ಹೋಗಿ ಕಣ್ಣೊರೆಸಿಕೊಂಡರು. ‘ನೋಡಿದಿರಾ’ ಎಂಬಂತೆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಕಿರ್ದಿಯ ಪ್ರಶ್ನೆ ಅಲ್ಲಿಗೆ ತೀರ್ಮಾನವಾಗಿಬಿಟ್ಟಂತಿತ್ತು.

ನಮಗೆ ಆ ಮಾತಿನಲ್ಲಿ ಮರೆವಿನ ಲಕ್ಷಣ ಕಾಣಲಿಲ್ಲ. ಮರೆತವನು ‘ಇದೇನು’ ಎಂದಾನು, ಇಲ್ಲವೆ ಸುಮ್ಮನಿದ್ದಾನು. ಸ್ವರವನ್ನೂ ತಾಳವನ್ನೂ ಬೇರ್ಪಡಿಸಿ ಹೇಳಲಾರ. ಇನ್ನೂ ಒಂದು ಸಂಗತಿಯಿತ್ತು. ವಿದ್ಯುತ್ತು ಸಾಲದಿದ್ದರೂ, ಹಲಗೆ ಕಾದರೂ ಆಟ ನಿಧಾನವಾಗುತ್ತದೆಯೇ ಹೊರತು ವೇಗವಾಗುವುದಿಲ್ಲ. ಕಾಕಾರ ದೂರು ವೇಗ ಹೆಚ್ಚಿತೆಂದು. ಅಂದಮೇಲೆ ಬೇನೆಯ ಬಗೆ ಬೇರೆಯೇ ಇರಬೇಕು.

ಅಳೆದು ನೋಡಲು ಆ ಆಟದಲ್ಲಿಯೇ ಒಂದು ಅನುಕೂಲವಿದೆ. ಮೊದಲ ಘಟ್ಟದಲ್ಲಿ ಮೇಲೆ ಬಲಗಡೆ ಸಮಯದ ಅಂಕಿ 400ರಿಂದ ಇಳಿಯುತ್ತ ಬರುತ್ತದೆ. ಹೆಜ್ಜೆ ಕದಲಿಸದೆ ನಿಂತರೆ ಯಾವ ಶತ್ರುವೂ ಬಳಿ ಸುಳಿಯುವುದಿಲ್ಲ, ಅಂಕಿ ಮಾತ್ರ ಇಳಿಯುತ್ತದೆ. 400ರಿಂದ 300ಕ್ಕೆ ಬರಲು ನಮ್ಮ ಹಲಗೆ 40 ಸೆಕೆಂಡು ತೆಗೆದುಕೊಂಡಿತು. ಮೂರು ಸಲ ನೋಡಿದೆವು, ಮೂರು ಸಲವೂ 40.

ಮುಂದಿನ ವಾರ ಕುಷ್ಟಗಿಯಲ್ಲಿ ಅಟ್ಟದ ಮೇಲಿನ ಹಳೆಯ ಯಂತ್ರವನ್ನೇ ಇಳಿಸಿದೆವು. ಅದರ ಅಡಾಪ್ಟರ್ ಎಂದೋ ಕಳೆದಿತ್ತು. ಹೊಂದುವಂಥ 9 ವೋಲ್ಟಿನದೊಂದನ್ನು ಕೂಡಿಸಿ, ಮನೆಯಲ್ಲಿ ಇನ್ನೂ ಉಳಿದಿದ್ದ ಡಬ್ಬಿ ಟಿವಿಗೆ ಹಳದಿ, ಬಿಳಿ ತಂತಿಗಳನ್ನು ಸಿಕ್ಕಿಸಿದಾಗ ಚಿತ್ರ ಗೆರೆಗೆರೆಯಾಗಿ ಮೂಡಿತು. ಹಿಡಿಕೆಯ ರಬ್ಬರು ಸತ್ತಿತ್ತು, ಆದರೆ ಆರಂಭದ ಗುಂಡಿಯೊಂದು ಒತ್ತಿಸಿಕೊಂಡಿತು. ನಮಗೆ ಬೇಕಾದದ್ದೂ ಅಷ್ಟೇ. ಗಡಿಯಾರ ಹಿಡಿದು ನಿಂತೆವು. 400ರಿಂದ 300ಕ್ಕೆ ಇಳಿಯಲು ಹಿಡಿದದ್ದು 48 ಸೆಕೆಂಡು.

ಇದರ ಕಾರಣ ದೊಡ್ಡದೇನಲ್ಲ. ಜಪಾನ್, ಅಮೆರಿಕಗಳ ಟಿವಿ ಪದ್ಧತಿಯಲ್ಲಿ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ನಮ್ಮ ದೇಶದ ಪದ್ಧತಿಯಲ್ಲಿ 50 ಸಲ. ಆ ಕಾಲದ ಆಟಗಳು ಪರದೆಯ ಈ ಬಡಿತವನ್ನೇ ತಾಳವಾಗಿ ಹಿಡಿದವು. 24 ಬಡಿತಕ್ಕೊಮ್ಮೆ ಸಮಯದ ಅಂಕಿ ಒಂದು ಇಳಿಯುತ್ತದೆ, ಸಂಗೀತವೂ ಅದೇ ಬಡಿತಕ್ಕೆ ಹೆಜ್ಜೆ ಹಾಕುತ್ತದೆ. ಜಪಾನಿನ ತಾಳಕ್ಕೆ ಬರೆದ ಆಟವೇ ನಮ್ಮಲ್ಲಿಗೆ ಬಂದು ಐವತ್ತರ ಯಂತ್ರದಲ್ಲಿ ನಡೆದುದರಿಂದ ಎಲ್ಲವೂ ಸಾವಕಾಶವಾಯಿತು. ಗಂಗಾವತಿಯ ಹುಡುಗರು ಕಂಡದ್ದು, ಕಾಕಾ ಏಳು ವರ್ಷ ಕೇಳಿದ್ದು ಆ ನಿಧಾನ ಗತಿಯನ್ನೇ. ಎಮ್ಯುಲೇಟರ್ ತಾನಾಗಿ ಅರವತ್ತನ್ನು ಆರಿಸಿಕೊಂಡಿತ್ತು.

ಎಮ್ಯುಲೇಟರಿನ ಆಯ್ಕೆಗಳಲ್ಲಿ ‘ರೀಜನ್’ ಎಂಬುದೊಂದಿದೆ. ಹುಡುಗ ಅದನ್ನು ನಮ್ಮ ಟಿವಿ ಪದ್ಧತಿಯಾದ ‘ಪಾಲ್’ಗೆ ಬದಲಿಸಿದ. ಅಂಕಿ 48 ಸೆಕೆಂಡಿಗೆ ಸರಿಯಾಗಿ ಇಳಿಯಿತು. ಕಾಕಾರಿಗೆ ಏನನ್ನೂ ಹೇಳದೆ ಕೇಳಿಸಿದೆವು. ಅವರು ಹುಬ್ಬು ಗಂಟಿಕ್ಕಿದರು.

“ತಾಳ ಕೂಡ್ತು. ಈಗ ಶ್ರುತಿ ಇಳೀತು ನೋಡ್ರಿ.”

ಹಾರ್ಮೋನಿಯಂ ತರಿಸಿ ಹೋಲಿಸಿದೆವು. ಅರ್ಧಸ್ವರಕ್ಕಿಂತ ತುಸು ಹೆಚ್ಚೇ ಇಳಿದಿತ್ತು. ಯುರೋಪಿಗೆಂದು ನಿಂಟೆಂಡೊ ತಯಾರಿಸಿದ ಅಧಿಕೃತ ಐವತ್ತರ ಯಂತ್ರದಲ್ಲಿ ಪರದೆಯ ಬಡಿತದೊಂದಿಗೆ ಒಳಗಿನ ಮಿದುಳಿನ ಬಡಿತವನ್ನೂ ತಗ್ಗಿಸಲಾಗಿತ್ತು. ಜಪಾನಿನದು ಸೆಕೆಂಡಿಗೆ ಸುಮಾರು 17 ಲಕ್ಷ 90 ಸಾವಿರ ಬಡಿತ, ಯುರೋಪಿನದು ಸುಮಾರು 16 ಲಕ್ಷ 60 ಸಾವಿರ. ಸ್ವರದ ಎತ್ತರ ನಿಂತಿರುವುದು ಈ ಎರಡನೆಯ ಬಡಿತದ ಮೇಲೆ. ತೈವಾನಿನ ತದ್ರೂಪು ಯಂತ್ರಗಳನ್ನು ಮಾಡಿದವರು ಜಾಣರು. ಪರದೆಯನ್ನು ಐವತ್ತಕ್ಕೆ ಇಳಿಸಿದರೂ ಮಿದುಳನ್ನು 17 ಲಕ್ಷ 70 ಸಾವಿರದಲ್ಲಿ, ಜಪಾನಿನದಕ್ಕೆ ಹತ್ತಿರದಲ್ಲೇ ಉಳಿಸಿದರು. ಆದ್ದರಿಂದ ಅವುಗಳಲ್ಲಿ ತಾಳ ಮಾತ್ರ ನಿಧಾನ, ಶ್ರುತಿ ಹೆಚ್ಚುಕಡಿಮೆ ಅದೇ. ಇಂಥ ಯಂತ್ರವನ್ನು 1992ರಿಂದ ರಷ್ಯಾದಲ್ಲಿ ‘ಡೆಂಡಿ’ ಎಂಬ ಹೆಸರಿನಿಂದ ಮಾರಿದರು, ಎಮ್ಯುಲೇಟರ್ ಬರೆದವರು ಆ ಹೆಸರನ್ನೇ ಮೂರನೆಯ ಆಯ್ಕೆಯಾಗಿ ಇಟ್ಟಿದ್ದಾರೆ. ನಮ್ಮ ಕುಷ್ಟಗಿಯ ಯಂತ್ರವೂ ಅದೇ ಬಳಗದ್ದು.

ಹುಡುಗ ಡೆಂಡಿಯನ್ನು ಆರಿಸಿದ. ಕಾಕಾ ಈ ಸಲ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರ ಬೆರಳುಗಳು, ಬಡಿತ ತಿಂದಿದ್ದ ಬಲಗೈಯ ಬೆರಳುಗಳೇ, ತೊಡೆಯ ಮೇಲೆ ಠೇಕಾ ಹಿಡಿದವು.

“ಹಾಂ. ಈಗ ಅಂಗಡಿ ಬಾಗಲಾ ತಗದಂಗಾತು.”

ಆ ಬಳಿಕ ಚಿತ್ರ ಓಡುವಾಗ ಕುಲುಕಿದಂತೆ ಕಂಡಿತು. ಟಿವಿ ಅರವತ್ತರಲ್ಲಿದ್ದು ಆಟ ಐವತ್ತರಲ್ಲಿದ್ದರೆ ಹಾಗಾಗುವುದು ಸಹಜ. ಹಲಗೆಯ ಚಿತ್ರದ ಕ್ರಮವನ್ನು ಸಿಇಎ 19, ಅಂದರೆ 720 ಗೆರೆ, 50 ಹರ್ಟ್ಜ್‌ಗೆ ಬದಲಿಸಿದೊಡನೆ ಕುಲುಕು ನಿಂತಿತು.

ಇದರಿಂದ ಕಾಕಾರ ನೆನಪಿನ ಶಕ್ತಿಗೆ ಪ್ರಮಾಣಪತ್ರ ದೊರೆಯಿತೆಂದು ನಾವು ಹೇಳುವುದಿಲ್ಲ. ಈಗಲೂ ಹೆಸರು ತಪ್ಪುತ್ತಾರೆ, ಔಷಧಿಯ ಹೊತ್ತನ್ನು ನೆನಪಿಸಬೇಕಾಗುತ್ತದೆ. ವೈದ್ಯರ ಭೇಟಿ ಮುಂದುವರಿದಿದೆ. ಆದರೆ ಮನೆಯಲ್ಲಿ ಕಿರ್ದಿಯ ಮಾತು ಬೇರೆ ರೀತಿಯಲ್ಲಿ ನಡೆಯಿತು. ದೀಪಾವಳಿಗೆ ಹೊಸ ಪುಸ್ತಕ ಅವರ ಮುಂದೆಯೇ ಬಂದಿತು; ದಿನದ ಲೆಕ್ಕ ಅವರು ಬರೆಯುತ್ತಾರೆ, ಸಂಜೆ ಸೊಸೆ ಒಮ್ಮೆ ಕೂಡಿಸಿ ನೋಡುತ್ತಾಳೆ. ಎರಡು ಸಲ ತಪ್ಪು ಸಿಕ್ಕಿತೆಂದಳು. ಅದರಲ್ಲಿ ಒಂದು ಅವಳದೇ ಆಗಿತ್ತು.

ಕಾಕಾ ಈಗ ಸ್ವತಃ ಆಡುತ್ತಾರೆ. ಅಂಗಡಿಯ ಏಳು ವರ್ಷಗಳಲ್ಲಿ ಮಾಡದ ಕೆಲಸ. ಹೊಸ ದೂರೊಂದನ್ನೂ ಹಚ್ಚಿದ್ದಾರೆ. ಗುಂಡಿ ಒತ್ತಿದ ಮೇಲೆ ಮಾರಿಯೊ ಜಿಗಿಯುವುದು ಒಂದು ಚೂರು ತಡವಂತೆ. ಹೊಸ ಟಿವಿಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸುವುದರಿಂದ ತಡವಾಗುವುದು ನಿಜ. ‘ಗೇಮ್ ಮೋಡ್’ ಹಾಕಿದ ಮೇಲೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಡಬ್ಬಿ ಟಿವಿಯಲ್ಲಿ ಈ ತೊಂದರೆಯಿಲ್ಲ, ನಮ್ಮ ಹಲಗೆಯ ಧ್ವನಿಯ ರಂಧ್ರದಿಂದಲೇ ಅದಕ್ಕೆ ಹಳೆಯ ಬಗೆಯ ಚಿತ್ರವನ್ನು ಕೊಡಬಹುದು. ಹುಡುಗ ನಿನ್ನೆ ತಂತಿ ಕೊಂಡಿದ್ದಾನೆ. ಟಿವಿ ತರಲು ಕುಷ್ಟಗಿಗೆ ಒಂದು ಟಂಟಂ ಗೊತ್ತು ಮಾಡಿದ್ದೇವೆ.